ಕೊಕ್ಕರೆಯ ಕಡೆ, ಕಪ್ಪೆಯ ಕಡೆ

ಸ್ನೇಹದ ಬಗ್ಗೆ ಮಕ್ಕಳಿಗೆ ಪಾಠ ಹೇಳುವ ಚಿತ್ರಪುಸ್ತಕಗಳೆಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಸಿಡಿಮಿಡಿ. ಎಲ್ಲದರಲ್ಲೂ ಅದೇ ಕಥೆ. ಒಂದು ಪ್ರಾಣಿಗೆ ಜೊತೆಯಿಲ್ಲ, ಇನ್ನೊಂದು ಸಿಗುತ್ತದೆ, ನಡುವೆ ಒಂದು ಸಣ್ಣ ಜಗಳ, ಕೊನೆಯ ಪುಟದಲ್ಲಿ ತಬ್ಬಿಕೊಂಡು ನಗು. ನಾನು ಕೊಂಡ ಪುಸ್ತಕದಲ್ಲಂತೂ ಕಪ್ಪೆಗೂ ಕೊಕ್ಕರೆಗೂ ದೋಸ್ತಿ. ಬೇರಿಕೆ ರಸ್ತೆಯ ಕೆರೆಯಲ್ಲಿ ಕೊಕ್ಕರೆ ಕಪ್ಪೆಯನ್ನು ಏನು ಮಾಡುತ್ತದೆ ಎಂದು ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಅದು ಮಳೆ ಬಂದಾಗ ಕಪ್ಪೆಗೆ ಕೊಡೆ ಹಿಡಿಯುತ್ತದೆ. ಕಪ್ಪೆಗೆ ಕೊಡೆ ಬೇರೆ ಕೇಡು! ಬರೆದವರು ಕೆರೆಯನ್ನೇ ನೋಡಿರಲಿಕ್ಕಿಲ್ಲ ಎಂದು ಮೂಗು ಮುರಿಯುತ್ತಲೇ ಕೊಂಡೆ. ಚಿತ್ರ ಚೆನ್ನಾಗಿತ್ತು, ಅಕ್ಷರ ದಪ್ಪವಾಗಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಕನ್ನಡದಲ್ಲಿತ್ತು.

ಕನ್ನಡದಲ್ಲಿರುವುದು ನಮಗೆ ದೊಡ್ಡ ಮಾತು. ಗಡಿಯಾಚೆ ತಮಿಳುನಾಡಿಗೆ ಸೇರಿದ ಬಾಗಲೂರಿನಿಂದ ದಿನಾ ಬಸ್ಸು ಹತ್ತಿ ನಾನು ಪಾಠ ಹೇಳಲು ಹೋಗುವ ಹಳ್ಳಿಯ ಶಾಲೆಯಲ್ಲಿ ತಮಿಳು ಸೆಕ್ಷನ್ನೂ ಇದೆ, ಕನ್ನಡ ಸೆಕ್ಷನ್ನೂ ಇದೆ. ತಮಿಳಿನವರ ಕಪಾಟಿನ ತುಂಬ ಬಣ್ಣದ ಪುಸ್ತಕಗಳು. ನಮ್ಮ ಕಡೆ, ಬೆಂಗಳೂರಿಗೆ ಹೋದಾಗ ನಾನು ಚೀಲದಲ್ಲಿ ತುಂಬಿಕೊಂಡು ಬಂದದ್ದೇ ಗತಿ, ಅದೂ ಒಂದೊಂದೇ ಪ್ರತಿ. ಒಂದೇ ಸಾಕಾಗುತ್ತಿತ್ತು ಕೂಡ. ಆ ವರ್ಷ ನನ್ನ ಒಂದನೇ ಕ್ಲಾಸಿನಲ್ಲಿದ್ದವರು ಇಬ್ಬರೇ ಹುಡುಗಿಯರು.

ಒಬ್ಬಳು ಟೊಮೇಟೊ ತೋಟದ ಮನೆಯವಳು. ಇನ್ನೊಬ್ಬಳು ಮಾಳಿಗೆ ಮನೆಯವಳು. ಅವಳ ಅಪ್ಪ ಹೊಸೂರಿನ ಕಂಪನಿಯೊಂದರಲ್ಲಿ ಶಿಫ್ಟ್ ಕೆಲಸ ಮಾಡಿ ಹಳೇ ಮನೆಯ ಮೇಲೆ ಮಾಳಿಗೆ ಎಬ್ಬಿಸಿದ್ದರು. ಕ್ಲಾಸಿನಲ್ಲಿ ಬೇರೆ ಯಾರೂ ಇಲ್ಲದ ಮೇಲೆ ಇಬ್ಬರೂ ಜೊತೆಯಾಗಲೇಬೇಕಿತ್ತು, ಆದರು. ಅದಕ್ಕೆ ಪುಸ್ತಕದ ಸಹಾಯವೇನೂ ಬೇಕಾಗಲಿಲ್ಲ.

ಪುಸ್ತಕ ಇಬ್ಬರು ಮಾತಾಡುವ ಹಾಗಿತ್ತು. ಒಂದು ಪುಟ ಕಪ್ಪೆಯ ಮಾತು, ಎದುರಿನ ಪುಟ ಕೊಕ್ಕರೆಯ ಮಾತು. ತೋಟದವಳು ಕಪ್ಪೆಯಾದಳು, ಮಾಳಿಗೆಯವಳು ಕೊಕ್ಕರೆ. ಪಕ್ಕಪಕ್ಕದಲ್ಲಿ ಕೂರಿಸಿದರೆ ಕೂರುತ್ತಿರಲಿಲ್ಲ. ಕಲ್ಲಾಟಕ್ಕೆ ಕೂತ ಹಾಗೆ ಎದುರುಬದುರು ಚಕ್ಕಳಮಕ್ಕಳ ಹಾಕಿಕೊಂಡು, ನಡುವೆ ಚಾಪೆಯ ಮೇಲೆ ಪುಸ್ತಕ ಹರಡಿಕೊಳ್ಳುತ್ತಿದ್ದರು. ಕೊಕ್ಕರೆ ಗೋಡೆಯ ಕಡೆ, ಕಪ್ಪೆ ಬಾಗಿಲ ಕಡೆ. ಪುಸ್ತಕ ಗೋಡೆಯ ಕಡೆಯವಳಿಗೆ ನೇರವಾಗಿರುತ್ತಿತ್ತು.

"ಪಕ್ಕದಾಗೆ ಕುಂತ್ಕೊಳ್ರೇ, ಇಬ್ರಿಗೂ ಕಾಣ್ತದೆ," ಎಂದು ಗದರಿದೆ.

ತೋಟದವಳು ನನ್ನನ್ನೇ ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಪಕ್ಕದಾಗ್ ಕುಂತ್ರೆ ಅವ್ಳ ಮಕ ಹೆಂಗ್ ಕಾಣ್ತದೆ ಮಿಸ್ಸು? ಮಕ ನೋಡ್ದೆ ಮಾತಾಡಕ್ಕಾಯ್ತದಾ?"

ಸರಿ, ಏನಾದರೂ ಮಾಡಿಕೊಳ್ಳಿ ಎಂದು ಬಿಟ್ಟೆ. ಅವಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಾಳೆಂದೇ ಬಹಳ ದಿನ ಅಂದುಕೊಂಡಿದ್ದೆ. ಒಮ್ಮೆ ಅವಳು ಕಂಡೇ ಇರದ ಹೊಸ ಪುಸ್ತಕವೊಂದನ್ನು ಅವಳ ಮುಂದಿಟ್ಟು ಓದು ಎಂದೆ. ತಡವರಿಸಿದಳು, ತಲೆ ಕೆರೆದುಕೊಂಡಳು, ಆಮೇಲೆ ಪುಸ್ತಕವನ್ನು ತಿರುಗಿಸಿ ತಲೆಕೆಳಗು ಮಾಡಿಕೊಂಡು ಸರಸರನೆ ಓದಿಬಿಟ್ಟಳು. ಒತ್ತಕ್ಷರ ಕೂಡ ತಪ್ಪಲಿಲ್ಲ. ನಾನು ಹಣೆ ಚಚ್ಚಿಕೊಂಡೆ. ಸಂಜೆ ಬಸ್ಸಿನಲ್ಲಿ ಅದನ್ನೇ ನೆನೆದು ಒಬ್ಬಳೇ ನಕ್ಕೆ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮಾಳಿಗೆಯವಳ ಅಪ್ಪ ಶಾಲೆಗೆ ಬಂದರು. "ತಪ್ಪು ತಿಳ್ಕೋಬ್ಯಾಡಿ ಮಿಸ್ಸು. ಕಂಪನೀಲಿ ಮೇಲಕ್ಕೋಗ್ಬೇಕಂದ್ರೆ ಇಂಗ್ಲೀಷು ಕೇಳ್ತಾರೆ. ನಾನ್ ಪಟ್ಟ ಪಾಡು ಅವ್ಳಿಗೆ ಬ್ಯಾಡ. ಹೊಸೂರ್ನಾಗೆ ಸೇರಿಸ್ಬುಟ್ಟೆ," ಎಂದರು. ನನ್ನ ಮಗ ಓದಿದ್ದೂ ಅಂಥದೇ ಶಾಲೆಯಲ್ಲಿ. ಯಾವ ಬಾಯಲ್ಲಿ ಬೇಡ ಅನ್ನಲಿ? ಒಳ್ಳೇದಾಗ್ಲಿ ಎಂದು ಟಿಸಿ ಬರೆಸಿಕೊಟ್ಟೆ.

ಎರಡನೇ ಕ್ಲಾಸಿಗೆ ತೋಟದವಳು ಒಬ್ಬಳೇ ಬಂದಳು. ಬಂದವಳು ಬಾಗಿಲ ಕಡೆಯೇ ಕೂತು, ಪುಸ್ತಕವನ್ನು ಗೋಡೆಯ ಕಡೆಗೆ ನೇರ ಮಾಡಿ ಹರಡಿದಳು. ಕಪ್ಪೆಯ ಮಾತು ಓದುವುದು, ಎದುರಿನ ಖಾಲಿ ಜಾಗ ನೋಡುವುದು, ಪುಟ ತಿರುವುವುದು. ಕೊಕ್ಕರೆಯ ಮಾತಿಗೆ ಅವಳು ಬಾಯಿ ಹಾಕುತ್ತಿರಲಿಲ್ಲ. ಒಂದು ದಿನ ನಾನೇ ಕೊಕ್ಕರೆಯಾಗೋಣವೆಂದು ಗೋಡೆಗೆ ಒರಗಿ ಕೂರಲು ಹೋದೆ.

"ಅಲ್ಲಿ ಬ್ಯಾಡ ಮಿಸ್ಸು. ಅದು ಅವ್ಳ ಜಾಗ."

"ಅವ್ಳು ಬ್ಯಾರೆ ಸ್ಕೂಲ್ಗೆ ಹೋದ್ಲಲ್ಲೇ?"

"ರಜಾ ಬಿಟ್ರೆ ಬತ್ತೀನಿ ಅಂದವ್ಳೆ."

ಒಂದೇ ಊರಿನವರಾದರೂ ಇಬ್ಬರೂ ಸೇರುತ್ತಿರಲಿಲ್ಲ. ಬೆಳಿಗ್ಗೆ ನಮ್ಮ ಬೆಲ್ಲು ಹೊಡೆಯುವ ಮೊದಲೇ ಅವಳನ್ನು ಹತ್ತಿಸಿಕೊಂಡು ಹೊಸೂರಿನ ಶಾಲೆಯ ಹಳದಿ ವ್ಯಾನು ಹೊರಟುಬಿಡುತ್ತಿತ್ತು. ಸಂಜೆ ಅವಳಿಗೆ ಟ್ಯೂಷನ್ನು. ಭಾನುವಾರ ಇವಳು ತೋಟದಲ್ಲಿ ಅಮ್ಮನ ಹಿಂದೆ. ನನಗೋ ಇವಳ ಓದಿನದೇ ಚಿಂತೆ. ನೇರ ಹಿಡಿದರೆ ಈಗಲೂ ತಡವರಿಸುತ್ತಿದ್ದಳು. ಮುಂದೆ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ತಿರುಗಿಸಿಕೊಂಡು ಕೂತರೆ ಜನ ನಗುವುದಿಲ್ಲವೇ? ಮುದ್ದು ಮಾಡಿದೆ, ಗದರಿದೆ, ಪುಸ್ತಕ ಕಿತ್ತುಕೊಂಡು ನೇರ ಮಾಡಿಟ್ಟೆ. ನಾನು ಆ ಕಡೆ ತಿರುಗಿದ ಕೂಡಲೇ ಪುಸ್ತಕವೂ ತಿರುಗುತ್ತಿತ್ತು. ಎಷ್ಟು ಪುಸ್ತಕ ಕೊಂಡಿದ್ದೇನೆ, ಜೊತೆ ಮಾಡಿಕೊಳ್ಳುವುದು ಹೇಗೆ, ಜಗಳ ತೀರಿಸಿಕೊಳ್ಳುವುದು ಹೇಗೆ ಎಂದು ಎಲ್ಲವೂ ಹೇಳುತ್ತವೆ. ಜೊತೆಯವಳು ವ್ಯಾನು ಹತ್ತಿ ಹೋಗುವ ಪುಟ ಒಂದರಲ್ಲೂ ಇಲ್ಲ. ಇದ್ದಿದ್ದರೆ ನನಗಾದರೂ ಏನು ಹೇಳಬೇಕೆಂದು ತಿಳಿಯುತ್ತಿತ್ತು.

ಕೊನೆಗೆ ಒಂದು ದಿನ, ಅವರ ಶಾಲೆಗೆ ರಜೆ, ನಮಗಿಲ್ಲ, ಮಾಳಿಗೆಯವಳು ಬಂದೇಬಿಟ್ಟಳು. ಚಪ್ಪಲಿ ಬಿಟ್ಟು ಸೀದಾ ಗೋಡೆಯ ಕಡೆ ಹೋಗಿ ಕೂತಳು. ತೋಟದವಳ ಮುಖ ನೋಡಬೇಕಿತ್ತು. ಪುಸ್ತಕ ತಂದು ಹರಡಿ, ಎಂದಿಗಿಂತ ಜೋರಾಗಿ ಕಪ್ಪೆಯ ಮಾತು ಓದಿ, ಎದುರಿನವಳನ್ನು ನೋಡುತ್ತ ಕೂತಳು. ನಾನೂ ಹಾಜರಿ ಹಾಕುವುದನ್ನು ಬಿಟ್ಟು ನೋಡಿದೆ.

ಮಾಳಿಗೆಯವಳು ಅಕ್ಷರದ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಇನ್ನೊಂದು ಅಕ್ಷರಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಆಮೇಲೆ ನಕ್ಕುಬಿಟ್ಟಳು. "ನಂಗ್ ಮರ್ತೋಯ್ತು ಕಣೇ. ನೀನೇ ಓದು."

ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಗು, ಮರೆತಿತ್ತು, ಹೇಳಿತು. ತೋಟದವಳು ತಾನಿದ್ದ ಕಡೆಯಿಂದಲೇ ಇಬ್ಬರ ಮಾತನ್ನೂ ಕೊನೆಯವರೆಗೆ ಓದಿದಳು. ಮಾಳಿಗೆಯವಳು ಚಿತ್ರ ನೋಡಿದಳು, ನಡುವೆ ವ್ಯಾನಿನಲ್ಲಿ ಪಕ್ಕದಲ್ಲಿ ಕೂರುವ ಹೊಸ ಗೆಳತಿಯ ಸುದ್ದಿ ಹೇಳಿದಳು, ಊಟದ ಬೆಲ್ಲಿಗೆ ಎದ್ದು ಮನೆಗೆ ಹೋದಳು.

ಮರುದಿನ ನಾನು ಹೋಗುವ ಹೊತ್ತಿಗೆ ತೋಟದವಳು ಗೋಡೆಗೆ ಒರಗಿ ಕೂತಿದ್ದಳು. ಪುಸ್ತಕ ಅವಳ ಮುಂದೆ ನೇರವಾಗಿತ್ತು. ಒಂದೊಂದೇ ಅಕ್ಷರ ಹಿಡಿದು ಕೊಕ್ಕರೆಯ ಮಾತನ್ನು ಓದುತ್ತಿದ್ದಳು.

"ಇವತ್ತೇನೇ ಆ ಕಡೆ ಕುಂತಿದ್ದೀಯ?"

"ಅವ್ಳಿಗೆ ಇನ್ನ ಈ ಜಾಗ ಬ್ಯಾಡ ಮಿಸ್ಸು," ಎಂದಳು, ಪುಸ್ತಕದಿಂದ ತಲೆ ಎತ್ತದೆ. "ನೀವು ಕಪ್ಪೆ ಆಗಿ."

ತಿಂಗಳುಗಟ್ಟಲೆ ನಾನು ಹಟ ಹಿಡಿದದ್ದು ಇದಕ್ಕೇ. ಖುಷಿಪಡಬೇಕಿತ್ತು. ಇನ್ನೊಂದಿಷ್ಟು ದಿನ ಅವಳು ತಲೆಕೆಳಗಾಗಿಯೇ ಓದಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ.

ನಾನು ಬಾಗಿಲ ಕಡೆ ಹೋಗಿ ಅವಳ ಎದುರು ಕೂತೆ. ಅಲ್ಲಿಂದ ತಲೆಕೆಳಗಾಗಿ ಕಂಡ ಒಂದು ಅಕ್ಷರವೂ ಹಿಡಿತಕ್ಕೆ ಸಿಗಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತ ಕಾದಳು. ಆಮೇಲೆ ಕಪ್ಪೆಯದನ್ನೂ ತಾನೇ ಓದಿಕೊಂಡು ಪುಟ ತಿರುವಿದಳು.