ಮೀನು ಬದುಕದ ಬಾವಿ

1955ರಲ್ಲಿ ನಾನು ಹುಣಸೂರಿನಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದೆ. ಮಲೇರಿಯಾ ಹಾವಳಿಯ ಕಾಲ. ಬಾವಿಗಳಲ್ಲಿ ಸೊಳ್ಳೆಯ ಮರಿ, ಅಂದರೆ ಲಾರ್ವಾ, ಇದೆಯೇ ಎಂದು ನೋಡುವುದು ಮತ್ತು ಅದನ್ನು ತಿನ್ನುವ ಪುಟ್ಟ ಮೀನುಗಳನ್ನು ನೀರಿಗೆ ಬಿಡುವುದು ನನ್ನ ಕೆಲಸ. ಸೈಕಲ್ ಹ್ಯಾಂಡಲ್ಲಿಗೆ ಮೀನಿನ ಡಬ್ಬ ನೇತುಹಾಕಿಕೊಂಡು, ಹೊಗೆಸೊಪ್ಪಿನ ಹೊಲಗಳನ್ನು ನೋಡುತ್ತಾ, ಇಳಿಯಬೇಕಾದ ಬೀದಿಯನ್ನೇ ದಾಟಿ ಹೋಗಿಬಿಡುತ್ತಿದ್ದೆ. ಕಚೇರಿಯವರು ನನ್ನನ್ನು ‘ಮೀನಿನ ಮೇಷ್ಟ್ರು’ ಎಂದು ರೇಗಿಸುತ್ತಿದ್ದರು.

ಊರಾಚೆ ಹೊಸದಾಗಿ ಎದ್ದಿದ್ದ ಒಂದು ಬೀದಿಯನ್ನು ಮಾತ್ರ ನಾನೆಂದೂ ದಾಟಿ ಹೋದವನಲ್ಲ. ಅಲ್ಲಿನ ಗೋಡೆಗಳೆಲ್ಲ ತಿಳಿ ಹಸಿರು, ತಿಳಿ ನೀಲಿ. ಹಬ್ಬಕ್ಕೆ ಸುಣ್ಣ ಬಳಿಯುವಾಗ ಪಕ್ಕದ ಬಯಲಿನ ಬಣ್ಣದ ಮಣ್ಣನ್ನು ಅದಕ್ಕೆ ಕಲಸುತ್ತಿದ್ದರು. ಅಂಗಡಿಯ ನೀಲಿಗಿಂತ ಅದೇ ಚೆಂದವಂತೆ. ಸಂಜೆ ಬಿಸಿಲಿಗೆ ಇಡೀ ಬೀದಿ ತಿಳಿನೀರಿನ ತಳದಲ್ಲಿದ್ದ ಹಾಗೆ ಕಾಣುತ್ತಿತ್ತು. ನಾನು ಸೈಕಲ್ ನಿಲ್ಲಿಸಿ, ಬಂದ ಕೆಲಸ ಮರೆತು ನೋಡುತ್ತಿದ್ದೆ.

ಬೀದಿಗೆಲ್ಲ ನೀರು ನಿಂಗಮ್ಮ ಎಂಬ ವಿಧವೆಯ ಬಾವಿಯದು. ಸೇದಲು ಬಂದವರಿಗೆ ಆಕೆ ಎಂದೂ ಇಲ್ಲವೆಂದವಳಲ್ಲ. ಅದರಲ್ಲಿ ಲಾರ್ವಾ ಇರಲಿಲ್ಲ, ಕಪ್ಪೆಯೂ ಇರಲಿಲ್ಲ. “ನಮ್ ಗಂಗವ್ವ ಒಂದು ಉಳಾನೂ ಮಡೀಕಳಕಿಲ್ಲ ಸ್ವಾಮಿ,” ಎಂದು ನಿಂಗಮ್ಮ ಬಾವಿಕಟ್ಟೆ ತಟ್ಟಿ ಬೀಗಿದಳು. ಅವಳ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತನ ಮುಗಿದ ಮೇಲೆ ಬೀದಿಯ ಹೆಂಗಸರನ್ನೆಲ್ಲ ಕರೆದು ಆ ಬಾವಿಗೆ ಗಂಗೆಪೂಜೆ ಮಾಡಿಸಬೇಕು, ಮಗಳ ಕೈಯಲ್ಲಿ ಮೊದಲ ಕೊಡ ಸೇದಿಸಬೇಕು ಎಂಬುದೊಂದೇ ಅವಳ ಆಸೆ. ಲಾರ್ವಾ ಇಲ್ಲದಿದ್ದರೂ ನಿಯಮದಂತೆ ನಾನು ಮೀನು ಬಿಟ್ಟು ಬಂದೆ.

ಮಾರನೆಯ ದಿನ ಹೋಗಿ ನೋಡಿದರೆ ಮೀನುಗಳೆಲ್ಲ ಸತ್ತು ತೇಲುತ್ತಿದ್ದವು. ಮತ್ತೆ ಬಿಟ್ಟೆ, ಮತ್ತೆ ಸತ್ತವು. ನನಗೆ ಭಯವಾಯಿತು. ನೀರನ್ನೂ ಬಣ್ಣದ ಮಣ್ಣನ್ನೂ ಮೈಸೂರಿನ ಲ್ಯಾಬಿಗೆ ಕಳಿಸಿದೆ. ಎರಡರಲ್ಲೂ ಮೈಲುತುತ್ತ ಮತ್ತು ಪಾಷಾಣ, ಅಂದರೆ ಆರ್ಸೆನಿಕ್ ವಿಷ, ಇದೆ ಎಂದು ಉತ್ತರ ಬಂತು. ಬೀದಿಯವರ ಹೊಟ್ಟೆನೋವು, ಒರಟಾದ ಅಂಗೈಗಳು ಯಾತರಿಂದ ಎಂಬುದು ಆಗ ತಿಳಿಯಿತು. ಅಂದೇ ಬಾವಿಗೆ ಚಪ್ಪಡಿ ಎಳೆಸಿದೆ.

ಅದೇ ಬೀದಿಯ ಮರಿಸಿದ್ದಯ್ಯ ಯುದ್ಧಕಾಲದಲ್ಲಿ ಆ ಬಯಲಿನಲ್ಲಿದ್ದ ಮರದ ಕಾರ್ಖಾನೆಯಲ್ಲಿ ಕೂಲಿಗಿದ್ದವನು. ತಂತಿಕಂಬಗಳಿಗೆ ಗೆದ್ದಲು ಹತ್ತದಿರಲೆಂದು ಅಲ್ಲಿ ಅವನ್ನು ವಿಷದ ತೊಟ್ಟಿಯಲ್ಲಿ ಅದ್ದುತ್ತಿದ್ದರು. “ಕಾರ್ಖಾನೆ ಮುಚ್ಚುವಾಗ ತೊಟ್ಟೀಲಿದ್ದುದ್ನೆಲ್ಲ ಗುಂಡಿ ತೋಡಿ ಉಯ್ರಿ ಅಂದ್ರು, ಉಯ್ದೊ. ಆಗ ಇಲ್ಲಿ ಮನೆ ಎಲ್ಲಿದ್ದೊ ಸ್ವಾಮಿ?” ಎಂದ. ಅವನೂ ಅದೇ ಬಾವಿಯ ನೀರು ಕುಡಿದವನು.

ಮೇಲಧಿಕಾರಿಗಳಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು. “ಬಾವಿ ಕೆಟ್ಟಿದೆ, ಮುಚ್ಚಿದ್ದೇವೆ ಅಂತ ಬರೀರಿ, ಸಾಕು. ಈಗಿಲ್ಲದ ಕಾರ್ಖಾನೆ ಮೇಲೆ ಬರೆದು ಯಾರನ್ನ ಹಿಡೀತೀರಿ?” ನಾನು ಸೈಕಲ್ ಹತ್ತಿ ಬೀದಿಗೆ ಹೋದೆ.

ಯಾಕೆ ಬರೆಯಬೇಕು ಎಂಬುದು ಅಲ್ಲಿ ತಿಳಿಯಿತು. ಹೆಂಗಸರು ದೂರದಿಂದ ನೀರು ಹೊತ್ತು ತರುತ್ತಾ, “ಬೀದಿಗೆಲ್ಲ ಇಸ ಕುಡುಸ್ಬುಟ್ಲು,” ಎಂದು ನಿಂಗಮ್ಮನ ಬಾಗಿಲ ಮುಂದೆಯೇ ಆಡಿಕೊಳ್ಳುತ್ತಿದ್ದರು. ಮಗಳಿಗೆ ಹೆಣ್ಣುಮಗು ಹುಟ್ಟಿತ್ತು. “ಕೂಸಿನ ಮೊಕ ನೋಡಕ್ಕೂ ಒಬ್ರು ಬರ್ನಿಲ್ಲ ಸ್ವಾಮಿ. ನಾನೇನ್ ಮಾಡ್ದೆ?” ಎಂದು ನಿಂಗಮ್ಮ ಅತ್ತಳು.

ವರದಿಯಲ್ಲಿ ಎಲ್ಲವನ್ನೂ ಬರೆದೆ: ಕಾರ್ಖಾನೆ, ಗುಂಡಿ, ಸುರಿದದ್ದು ಏನು, ಸುರಿಯಲು ಹೇಳಿದವರು ಯಾರು. ಮರಿಸಿದ್ದಯ್ಯ ಹೆಬ್ಬೆಟ್ಟು ಒತ್ತಿದ. ಕಳಿಸುವ ಮೊದಲು ಬೀದಿಯವರನ್ನು ಕೂಡಿಸಿ ಗಟ್ಟಿಯಾಗಿ ಓದಿ ಹೇಳಿದೆ. ಮೇಲಧಿಕಾರಿಗಳು ಗೊಣಗುತ್ತಲೇ ಸಹಿ ಹಾಕಿದರು. ಅವರು ಹೇಳಿದಂತೆ ಯಾರೂ ಸಿಕ್ಕಿಬೀಳಲಿಲ್ಲ. ಬಯಲಿಗೆ ಬೇಲಿ ಬಂತು, ಬೀದಿಗೆ ನಲ್ಲಿ ಬಂತು. ಹಳೆಯ ತಪ್ಪನ್ನು ವರದಿ ಮಾಡಿದರೆ ಆ ತಪ್ಪು ಮಾಡಿದವನು ಸಿಗದೇ ಹೋಗಬಹುದು, ಆದರೆ ಮಾಡದವರ ತಲೆಯ ಮೇಲಿನ ಅಪವಾದ ಇಳಿಯುತ್ತದೆ. ನೌಕರಿ ನನಗೆ ಕಲಿಸಿದ್ದು ಇದನ್ನೇ.

ಗಂಗೆಪೂಜೆಗೆ ಬೀದಿಯ ಹೆಂಗಸರೆಲ್ಲ ಬಂದರು. ಬಾಣಂತಿ ಕೊಡ ಹಿಡಿದು ನಲ್ಲಿಯ ಕಡೆ ಹೊರಟಾಗ ನಿಂಗಮ್ಮ ತಡೆದು, ಬಾವಿಯ ಚಪ್ಪಡಿಯ ಹತ್ತಿರ ಕರೆದುಕೊಂಡು ಹೋದಳು.

“ಮೊದ್ಲು ನಮ್ ಗಂಗವ್ವುಂಗೆ ಅರಿಸ್ನ ಕುಂಕ್ಮ ಇಕ್ಕವ್ವ,” ಎಂದಳು. “ನಮಗಿಂತ ಮುಂಚೆ ಇಸ ಕುಡುದೋಳು ಇವಳೇ ಅಲ್ವಾ.”