ಅವ್ವನ ಪಾಲಿನ ದೇಶ

ನಮ್ಮವ್ವನ ಪಾಲಿಗೆ ಬಂದದ್ದು ಚೀನಾ. ಆಸ್ತಿಯಲ್ಲಲ್ಲ, ಪ್ರಾರ್ಥನೆಯಲ್ಲಿ. ತುಮಕೂರಿನ ನಮ್ಮ ಚರ್ಚಿನ ಪಕ್ಕದ ಕೋಣೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹೆಂಗಸರ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಲು. ಒಬ್ಬರಿಗೆ ಕುಷ್ಠರೋಗಿಗಳು, ಒಬ್ಬರಿಗೆ ಜೈಲಿನಲ್ಲಿರುವವರು, ಕಾಂಪೌಂಡರ್ ಹೆಂಡತಿಗೆ ನಮ್ಮ ದೇಶವನ್ನಾಳುವವರು. ಯಾರಿಗೆ ಯಾವ ಪಾಲೋ ಅದಕ್ಕಾಗಿ ಅವರು ವಾರವಾರವೂ ಬಾಯಿಬಿಟ್ಟು ಬೇಡಬೇಕು, ಮಿಕ್ಕವರು ಕಣ್ಣು ಮುಚ್ಚಿಕೊಂಡು ಆಮೆನ್ ಅನ್ನಬೇಕು.

ಹೀಗೆ ಪಾಲು ಹಂಚಿದವರು ಒಬ್ಬ ಬಿಳಿ ನರ್ಸಮ್ಮ. ಐವತ್ತರ ದಶಕದ ಮೊದಲಲ್ಲಿ ಬಂದವರು. ನನಗಾಗ ಏಳೋ ಎಂಟೋ ವರ್ಷ. ಅವರು ಬಹಳ ವರ್ಷ ಚೀನಾದಲ್ಲಿದ್ದು, ಹೊಸ ಸರ್ಕಾರ ಹೊರಗೆ ಕಳಿಸಿದ ಮೇಲೆ ನಮ್ಮ ಕಡೆ ಬಂದು ಬಿದ್ದಿದ್ದರು. ತಾವು ಕೆಲಸ ಮಾಡಿದ ಊರಿನ ಚರ್ಚಿಗೆ ಬೀಗ ಹಾಕಿ ಒಳಗೆ ಧಾನ್ಯ ತುಂಬಿದ್ದಾರೆ ಎಂದು ಹೇಳುತ್ತಿದ್ದರು. ಅಲ್ಲಿಯ ಅಯ್ಯನವರು, ಅಂದರೆ ಪಾದ್ರಿ, ಜೈಲಿನಲ್ಲಿದ್ದಾರೆ, ಆ ಊರಿನ ಹುಡುಗರನ್ನೆಲ್ಲ ಕೊರಿಯಾದ ಯುದ್ಧಕ್ಕೆ ಕಳಿಸಿದ್ದಾರೆ ಎಂದು ಹೇಳುವಾಗ ಅವರ ಮುರುಕು ಕನ್ನಡ ಇನ್ನೂ ಮುರಿಯುತ್ತಿತ್ತು. ಅಷ್ಟು ಜನರಲ್ಲಿ ಆ ದೇಶವನ್ನು ನಮ್ಮವ್ವನಿಗೇ ಯಾಕೆ ಕೊಟ್ಟರೋ. ಕೂಟದಲ್ಲೆಲ್ಲ ದೊಡ್ಡ ಗಂಟಲು ಅವಳದೇ, ಅಷ್ಟು ದೊಡ್ಡ ದೇಶಕ್ಕೆ ಅದೇ ಸರಿ ಅನ್ನಿಸಿರಬೇಕು.

ಅವ್ವ ಅಮೃತೂರಿನ ಕಡೆಯವಳು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರು ಮಕ್ಕಳನ್ನು ಕಟ್ಟಿಕೊಂಡು ತುಮಕೂರಿಗೆ ಬಂದು, ಮಿಶನ್ನಿನವರು ಕೊಟ್ಟ ಒಂದೂವರೆ ಕೋಣೆಯ ಮನೆಯಲ್ಲಿ ಸಂಸಾರ ಹೂಡಿದ್ದಳು. ಹಳ್ಳಿಹಳ್ಳಿಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸುವುದು, ಬೈಬಲ್ ಕಥೆ ಹೇಳುವುದು ಅವಳ ಕೆಲಸ. ಗುಬ್ಬಿಯವರೆಗೂ ಹೋಗುತ್ತಿದ್ದಳು. ಕಥೆ ಹೇಳುತ್ತಿದ್ದಳೇ ಹೊರತು ಭೂಪಟ ನೋಡಿದವಳಲ್ಲ. ಪಾಲು ಸಿಕ್ಕಿದ ದಿನ ನರ್ಸಮ್ಮನನ್ನು ಕೇಳಿದಳು, "ಯಾವ ಕಡೀಕೈತ್ರಮ್ಮ ಆ ದೇಶ?" ಅವರು ಸ್ವಲ್ಪ ಯೋಚಿಸಿ ದೇವರಾಯನದುರ್ಗದ ಕಡೆ ಕೈ ತೋರಿಸಿದರು. ಅಂದಿನಿಂದ ಅವ್ವ ಮೊಣಕಾಲೂರುತ್ತಿದ್ದದ್ದು ಆ ದಿಕ್ಕಿಗೇ. ಬೆಟ್ಟದ ಹಿಂದಿನ ಇಳಿಜಾರಿನಿಂದಲೇ ಚೀನಾ ಶುರುವಾಗುತ್ತದೆ ಎಂದು ನಾನು ಎಷ್ಟೋ ದಿನ ನಂಬಿದ್ದೆ.

ಪ್ರಾರ್ಥನೆಗೆ ಕೂತರೆ ಅವಳ ಭಾಷೆಯೇ ಬದಲಾಗುತ್ತಿತ್ತು. "ಕರ್ತನೇ, ಆ ದೊಡ್ಡ ದೇಶವನ್ನು ನೆನಪು ಮಾಡಿಕೋ. ಅದನ್ನಾಳುವವರಿಗೆ ಒಳ್ಳೆಯ ಬುದ್ಧಿ ಕೊಡು. ಬೀಗ ಹಾಕಿರುವ ನಿನ್ನ ಆಲಯಗಳ ಬಾಗಿಲು ತೆರೆ. ಅವರ ಸಿಪಾಯಿಗಳನ್ನು ಕಾಪಾಡಿ ಅವರವರ ತಾಯಂದಿರ ಹತ್ತಿರ ಸೇರಿಸು." ಕೊರಿಯಾದ ಯುದ್ಧ ಮುಗಿಯಿತು, ನರ್ಸಮ್ಮ ಕಾಯಿಲೆ ಬಿದ್ದು ತಮ್ಮ ದೇಶಕ್ಕೆ ಹೋದರು. ಅವ್ವ ಆ ಪ್ರಾರ್ಥನೆಯ ಒಂದು ಮಾತನ್ನೂ ಬಿಡಲಿಲ್ಲ. ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ. ಶಾಲೆಯಲ್ಲಿ ಆಗ ನಮ್ಮಿಂದಲೇ ಚೀನಾದವರು ನಮ್ಮ ಅಣ್ಣತಮ್ಮಂದಿರು ಎಂದು ಕೂಗಿಸುತ್ತಿದ್ದರು.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಗುಬ್ಬಿಯ ಒಂದು ಸೈಕಲ್ ಷಾಪಿನಲ್ಲಿ ಪಂಕ್ಚರ್ ಹಾಕುತ್ತ ಇದ್ದವನು ಒಂದು ದಿನ ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ಮಿಲಿಟರಿಗೆ ಸೇರಿಬಿಟ್ಟ. ಅವ್ವ ಎರಡು ದಿನ ಅತ್ತಳು, ಮೂರನೆಯ ದಿನ ಅವನ ಯೂನಿಫಾರಂ ಫೋಟೋ ಬೇಕು ಎಂದು ಕಾಗದ ಬರೆಸಿದಳು. ನನ್ನ ಕೈಯಲ್ಲಿ ಬರೆಸಿದಳು, ಯಾಕೆಂದರೆ ಬರೆಯಲು ಕೂತರೆ ಅವಳಿಗೆ ಕಣ್ಣು ಮಂಜಾಗುತ್ತಿತ್ತು. ಅರವತ್ತೆರಡರ ಬೇಸಿಗೆ ಕಳೆದ ಮೇಲೆ ಅವನನ್ನು ಗಡಿಗೆ ಕಳಿಸಿದರು. ಅಲ್ಲಿಂದ ಬರೆದ: "ಅವ್ವಾ, ನಿನ್ನ ಚೀನಾ ಇಲ್ಲಿಂದ ಕಾಣ್ತದೆ. ನಿನ್ನ ಪರವಾಗಿ ನಾನೇ ಕಣ್ಣಿಟ್ಟಿದೀನಿ. ಚಳಿ ವಿಪರೀತ. ಸ್ವೆಟರ್ ಇದ್ರೆ ಕಳಿಸು." ಅವ್ವ ಆ ಕಾಗದವನ್ನು ಓದಿ ಓದಿ ನಕ್ಕಳು.

ಅಕ್ಟೋಬರಿನಲ್ಲಿ ಯುದ್ಧ ಶುರುವಾಯಿತು. ನಾನಾಗ ಟೀಚರ್ ಟ್ರೈನಿಂಗಿನಲ್ಲಿದ್ದೆ. ಸಾಯಂಕಾಲ ಹೋಟೆಲಿನ ರೇಡಿಯೋ ಮುಂದೆ ಜನ ರಸ್ತೆಗೆ ಅಡ್ಡವಾಗಿ ನಿಂತಿರುತ್ತಿದ್ದರು. ನಮ್ಮವರು ಹಿಂದೆ ಬರುತ್ತಿದ್ದಾರೆ ಎಂಬುದನ್ನು ರೇಡಿಯೋ ಎಷ್ಟು ಸುತ್ತಿಬಳಸಿ ಹೇಳಿದರೂ ಜನಕ್ಕೆ ತಿಳಿಯುತ್ತಿತ್ತು. ಆ ಬುಧವಾರ ನಮ್ಮ ಚರ್ಚಿನ ಅಯ್ಯನವರು ಮನೆಗೆ ಬಂದರು. ಕೂತುಕೊಳ್ಳಲೂ ಇಲ್ಲ.

"ನೋಡಮ್ಮಾ, ನಾಳೆ ಕೂಟದಲ್ಲಿ ಆ ದೇಶದ ಹೆಸರು ಎತ್ತಬೇಡಿ. ಕಿಟಕಿ ರಸ್ತೆ ಕಡೆಗಿದೆ. ಮೊದಲೇ ನಮ್ಮನ್ನ ಪರದೇಶದವರ ಧರ್ಮ ಅಂತಾರೆ. ಕುಷ್ಠರೋಗಿಗಳ ಪಾಲು ತಗೊಳ್ಳಿ, ಆ ಪಾಲಿನವರೇನೂ ಬೇಜಾರು ಮಾಡ್ಕೊಳ್ಳಲ್ಲ."

"ಅಯ್ನೋರೇ, ಹತ್ತು ವರ್ಷದಿಂದ ಬೇಡ್ಕೊಂಡು ಈಗ ಬುಟ್ಬುಡದಾ? ಅವ್ರ ಎದೆ ಮೆತ್ತಗಾಗ್ಬೇಕಾಗಿರಾದು ಈಗಲ್ವಾ? ನನ್ನ ಮಗ ಅವ್ರ ಮುಂದೇನೇ ನಿಂತವ್ನೆ."

ಅಯ್ಯನವರು ನನ್ನ ಮುಖ ನೋಡಿದರು. ನಾನು ಅವರ ಕಡೆಗೇ ಇದ್ದೆ. ಅವ್ವನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಆ ರಾತ್ರಿ ಊಟ ಬಡಿಸದೆ ಮಲಗಿದೆ. ಮಗನಿಗಿಂತ ಅವಳಿಗೆ ಆ ಚೀನಾ ಹೆಚ್ಚಾಯಿತೇ ಎಂದು ಕುದಿಯುತ್ತಿದ್ದೆ.

ಮಾರನೆಯ ದಿನ ಕೂಟಕ್ಕೆ ನಾನೂ ಹೋದೆ. ಅಯ್ಯನವರ ಹೆಂಡತಿ ಕಿಟಕಿ ಮುಚ್ಚಿದರು, ಒಳಗೆ ಸೆಖೆ. ಅವ್ವನ ಸರದಿ ಬಂತು. ಬೆಟ್ಟದ ದಿಕ್ಕಿಗೆ ಮೊಣಕಾಲೂರಿ, ಧ್ವನಿಯನ್ನು ಒಂದಿಷ್ಟೂ ತಗ್ಗಿಸದೆ, ಯಾವಾಗಲೂ ಹೇಳುತ್ತಿದ್ದದ್ದನ್ನೇ ಹೇಳಿದಳು. ಆಳುವವರಿಗೆ ಬುದ್ಧಿ, ಆಲಯಗಳ ಬಾಗಿಲು, ಸಿಪಾಯಿಗಳು, ಅವರ ತಾಯಂದಿರು, ಎಲ್ಲ. ಕೊನೆಗೆ ನನ್ನ ಮಗನನ್ನೂ ಕಾಯಿ ಎಂದು ಸೇರಿಸಿದಳು. ಒಬ್ಬರೂ ಆಮೆನ್ ಅನ್ನಲಿಲ್ಲ.

ನನ್ನ ಸರದಿ ಇರಲಿಲ್ಲ, ನನಗೆ ಪಾಲೂ ಇರಲಿಲ್ಲ. ಆದರೂ ಎದ್ದು ನಿಂತೆ. "ಕರ್ತನೇ, ಅವರನ್ನು ನಾಶ ಮಾಡು. ಅವರ ವಂಶ ನಿರ್ವಂಶವಾಗಲಿ. ನಮ್ಮ ನೆಲದ ಮೇಲೆ ಕಾಲಿಟ್ಟವನು ಒಬ್ಬನೂ ಉಳಿಯಬಾರದು" ಎಂದೆ. ಇನ್ನೂ ಏನೇನೋ ಅಂದೆ. ಆಮೆನ್ ಎಂದು ಇಡೀ ಕೋಣೆ ಕೂಗಿತು. ಕಾಂಪೌಂಡರ್ ಹೆಂಡತಿ ನನ್ನ ಬೆನ್ನು ತಟ್ಟಿದರು. ಜೀವನದಲ್ಲಿ ಇನ್ಯಾವ ಪ್ರಾರ್ಥನೆಯನ್ನೂ ನಾನು ಅಷ್ಟು ಮನಸ್ಸಿಟ್ಟು ಮಾಡಿಲ್ಲ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ದಾರಿಯಲ್ಲಿ ಅವ್ವ ಕೇಳಿದ್ದು ಇಷ್ಟೇ: "ಅವ್ರಿಗೂ ಹೆತ್ತೋರಿಲ್ವೇನೇ?"

"ಅವರನ್ನ ಹೆತ್ತೋರು ಅವರಿಗೆ ಬೇಡ್ಕೊಳ್ಳಲಿ. ನೀನು ನಿನ್ನ ಮಗನಿಗೆ ಬೇಡ್ಕೊ" ಎಂದೆ.

ಹತ್ತು ಹನ್ನೆರಡು ದಿನಕ್ಕೆ ತಂತಿ ಬಂತು. ಇಂಗ್ಲಿಷಿನಲ್ಲಿತ್ತು, ಅಯ್ಯನವರು ಓದಿ ಹೇಳಿದರು. ಅಣ್ಣ ಕಾಣೆಯಾಗಿದ್ದಾನೆ. ಸತ್ತಿದ್ದಾನೆ ಎಂದಿಲ್ಲ, ಕಾಣೆಯಾಗಿದ್ದಾನೆ. ಶುರುವಾದ ಒಂದು ತಿಂಗಳಿಗೆ ಯುದ್ಧವೂ ನಿಂತಿತು. ಚೀನಾದವರು ತಾವಾಗಿಯೇ ನಿಲ್ಲಿಸಿ ಹಿಂದಕ್ಕೆ ಹೋದರು. ಸಾವಿರಾರು ಜನ ನಮ್ಮವರು ಅಲ್ಲಿ ಸೆರೆಯಲ್ಲಿದ್ದಾರೆ ಎಂದು ಪೇಪರಿನಲ್ಲಿ ಬಂದ ದಿನ ಅವ್ವ ಆ ಹಾಳೆಯನ್ನು ನನ್ನ ಮುಂದೆ ಹಿಡಿದು, "ನೋಡ್ದಾ? ಅಲ್ಲವ್ನೆ. ಅವ್ರ ಕೈಯಾಗವ್ನೆ. ನೀನು ಅವ್ರು ಸಾಯ್ಲಿ ಅಂದ್ಯಲ್ಲ, ಅವ್ರು ಸತ್ರೆ ನಿಮ್ಮಣ್ಣಂಗೆ ಗಂಜಿ ಯಾರು ಕೊಟ್ಟಾರು?" ಎಂದಳು.

ಅದಾದ ಮೇಲೆ ಕೂಟದವರೂ ಬದಲಾದರು. ಪಾಪ, ಒಬ್ಬನೇ ಮಗ ಎಂದುಕೊಂಡು ಅವ್ವ ಚೀನಾ ಎಂದರೆ ಅವರೆಲ್ಲ ಆಮೆನ್ ಎಂದರು. ಅವಳ ಪ್ರಾರ್ಥನೆ ಉದ್ದವಾಯಿತು. ನನ್ನ ಮಗನನ್ನು ಕಾಯುವ ಸಿಪಾಯಿಗೆ ಕರುಣೆ ಕೊಡು, ಮಗನಿಗೆ ಒಂದು ಕಂಬಳಿ ಹೆಚ್ಚಿಗೆ ಕೊಡುವ ಮನಸ್ಸು ಕೊಡು, ಎಂದು ಅಷ್ಟು ದೂರದ ಯಾರೋ ಒಬ್ಬನಿಗಾಗಿ ದಿನವೂ ಬೆಳಗ್ಗೆ ಬೇಡುತ್ತಿದ್ದಳು. ನಾನು ಸ್ವೆಟರ್ ಹೆಣೆಯುತ್ತ ಕೇಳುತ್ತಿದ್ದೆ. ನಿಧಾನವಾಗಿ ನನಗೂ ಆಸೆ ಹತ್ತಿತು. ಅವ್ವನೇ ಸರಿಯಿರಬಹುದು, ಇಷ್ಟು ವರ್ಷ ಅವರಿಗಾಗಿ ಬೇಡಿದವಳ ಮಗನನ್ನು ದೇವರು ಅವರ ಕೈಯಲ್ಲಿ ಕೆಡಿಸುವುದುಂಟೇ ಎಂದು ನಾನೂ ಅವಳ ಪಕ್ಕ ಮೊಣಕಾಲೂರತೊಡಗಿದೆ.

ಮುಂದಿನ ವರ್ಷದ ಬೇಸಿಗೆಯಲ್ಲಿ ಸೆರೆಯವರನ್ನು ಬಿಟ್ಟರು. ಅಣ್ಣನ ಕಾಗದ ಬರಲಿಲ್ಲ. ಕುಣಿಗಲ್ ಹತ್ತಿರದ ಒಂದು ಹಳ್ಳಿಯ ಸಿಪಾಯಿಯದು ಬಂತು. ಅಣ್ಣನ ಜೊತೆಗಿದ್ದವನು, ಸೆರೆಯಿಂದ ಬಂದಿದ್ದ. ಕಾರ್ಡಿನಲ್ಲಿ ಎರಡೇ ಸಾಲು: ಕಾಲು ಸರಿಯಿಲ್ಲ, ನಾನೇ ಬರಲು ಆಗದು, ನೀವೇ ಒಮ್ಮೆ ಬಂದು ಹೋಗಿ. ಸಾವಿನ ಸುದ್ದಿಯಾಗಿದ್ದರೆ ಬರೆದೇಬಿಡುತ್ತಿದ್ದ ಎಂದು ಅವ್ವ, ಬದುಕಿದ್ದರೆ ಬರೆದೇಬಿಡುತ್ತಿದ್ದ ಎಂದು ನಾನು. ಅಣ್ಣನಿಗೆ ಹೆಣೆದಿದ್ದ ಸ್ವೆಟರನ್ನು ಅವ್ವ ಬ್ಯಾಗಿಗೆ ಹಾಕಿಕೊಂಡಳು. ಬೇಸಿಗೆ ಕಣವ್ವ ಅಂದರೂ ಕೇಳಲಿಲ್ಲ.

ಜಗಲಿಯ ಮೇಲೆ ಕೂತಿದ್ದ ಆ ಸಿಪಾಯಿ ಹುಡುಗನಿಗೆ ಎರಡೂ ಪಾದಗಳಲ್ಲಿ ಬೆರಳುಗಳಿರಲಿಲ್ಲ. ಹಿಮ ತಿಂದಿತ್ತು. ಅವನ ತಾಯಿ ನಮಗೆ ಮಜ್ಜಿಗೆ ಕೊಟ್ಟು ಒಳಗೆ ಹೋಗಿಬಿಟ್ಟಳು. ಅವನು ಅವ್ವನ ಮುಖ ನೋಡದೆ ಹೇಳಿದ.

"ಸೆರೆಗೆ ಬರ್ಲೇ ಇಲ್ಲ ಅವ್ವಾ ಅವ್ನು. ಯುದ್ಧ ಸುರುವಾದ ಮೂರ್ನೇ ದಿನಕ್ಕೇ ಹೋಗ್ಬುಟ್ಟ. ಹೊಟ್ಟೆಗೆ ಬಿದ್ದಿತ್ತು ಗುಂಡು. ಬೆಳಗ್ಗಿಂದ ಮಧ್ಯಾಹ್ನದ ಗಂಟ ಇದ್ದ. ನೀರು ನೀರು ಅಂದ. ನೀರು ಕೊಡಂಗಿರ್ಲಿಲ್ಲ, ಇರ್ಲೂ ಇಲ್ಲ."

"ಯಾರಾನ ಪಕ್ಕದಾಗಿದ್ರಾ?"

"ನಾನಿದ್ದೆ. ಆಮ್ಯಾಕೆ ಬುಟ್ಟು ಓಡ್ದೆ. ಮಣ್ಣೂ ಮಾಡ್ಲಿಲ್ಲ ಅವ್ವಾ. ಅದ್ನ ಕಾರ್ಡ್ನಾಗೆ ಬರ್ಯಕ್ಕಾಗ್ಲಿಲ್ಲ."

ನಾವಿಬ್ಬರೂ ಆ ಗುರುವಾರ ಕೂಟದಲ್ಲಿ ದೇವರ ಮುಂದೆ ಜಗಳವಾಡುವ ಹೊತ್ತಿಗೇ ಅಣ್ಣ ಸತ್ತಿದ್ದ. ಆರು ತಿಂಗಳು ಅವ್ವ ಕಂಬಳಿ ಕೇಳಿದ್ದು ಬದುಕಿಯೇ ಇಲ್ಲದವನಿಗೆ. ಅವ್ವ ಸ್ವೆಟರನ್ನು ತೆಗೆದು ಆ ಹುಡುಗನ ತೊಡೆಯ ಮೇಲಿಟ್ಟಳು. ಅಳಲಿಲ್ಲ. ಅವನೇ ಅತ್ತ.

ಕುಣಿಗಲ್ಲಿನಲ್ಲಿ ಬಸ್ಸು ಹತ್ತಿದೆವು. ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಅವಳು ಒಂದು ಸಲ ಗೋಳೋ ಎಂದು ಅತ್ತಿದ್ದರೆ ನಾನು ತಬ್ಬಿಕೊಳ್ಳುತ್ತಿದ್ದೆನೇನೋ. ಅವಳ ತುಟಿ ಅಲುಗಿದ ಹಾಗಾಯಿತು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡೆ. ಆಸೆ ಹಚ್ಚಿ ನನ್ನನ್ನೂ ಮೊಣಕಾಲೂರಿಸಿದ್ದಳಲ್ಲ, ಆ ಸಂಕಟವೆಲ್ಲ ಒಟ್ಟಿಗೆ ಒದ್ದುಕೊಂಡು ಬಂತು.

"ನಿನ್ನ ಪ್ರಾರ್ಥನೆ ದೇವರು ಚೆನ್ನಾಗೇ ಕೇಳ್ದ ಬಿಡವ್ವಾ. ಹತ್ತು ವರ್ಷ ಕೇಳ್ದ್ಯಲ್ಲ, ಕೊಟ್ಟ. ಅವರು ಗೆದ್ರು. ಅವರ ಸಿಪಾಯಿಗಳು ಅವರ ತಾಯಂದಿರ ಹತ್ರ ಹೋಗಿ ಸೇರ್ಕೊಂಡ್ರು" ಎಂದೆ.

ಮುಂದಿನ ಸೀಟಿನವರು ತಿರುಗಿ ನೋಡಿದರು. ಅವ್ವ ನನ್ನ ಕಡೆ ತಿರುಗಲಿಲ್ಲ. ಹೆಬ್ಬೂರು ಬಂತು, ಜನ ಇಳಿದರು, ಹತ್ತಿದರು. ಗೂಳೂರಿನ ಹತ್ತಿರ ಅವಳ ಕೈ ಹಿಡಿದುಕೊಂಡು, "ಅವ್ವಾ, ಸಿಟ್ಟಿನಲ್ಲಿ ಅಂದೆ. ಮನಸ್ಸಿಗೆ ಹಚ್ಕೋಬೇಡ" ಎಂದೆ.

"ಇಲ್ಲ ಕಣೇ" ಎಂದಳು. "ಆ ಹುಡ್ಗ ಹೇಳ್ತಿದ್ದಂಗೇನೇ ನಂಗೂ ಅದೇ ಅನ್ನಿಸ್ತು. ನೀನು ಬಾಯ್ಬಿಟ್ಟು ಅಂದೆ ಅಷ್ಟೇಯ."

ಆ ವಾರವೇ ಅವ್ವ ಹಳ್ಳಿಗೆ ಹೋಗುವ ಕೆಲಸ ಬಿಟ್ಟಳು. ಅಯ್ಯನವರು ಎರಡು ಸಲ ಬಂದು ಹೇಳಿ ನೋಡಿದರು. ಬೋರ್ಡಿಂಗ್ ಶಾಲೆಯ ಅಡಿಗೆಮನೆ ಸೇರಿಕೊಂಡು ಮುದ್ದೆ ತಿರುವುತ್ತ ಹದಿನೆಂಟು ವರ್ಷ ಬದುಕಿದಳು. ಭಾನುವಾರ ಚರ್ಚಿಗೆ ಬರುತ್ತಿದ್ದಳು, ಗುರುವಾರ ಬರುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಮುಂಚೆ ನಾನೇ ಪ್ರಾರ್ಥನೆ ಮಾಡುತ್ತಿದ್ದೆ. ಅವಳು ತಲೆ ಬಗ್ಗಿಸಿ, ನಾನು ಮುಗಿಸುವವರೆಗೆ ಕಾದಿದ್ದು, ಆಮೆನ್ ಅನ್ನದೆ ತುತ್ತು ಎತ್ತಿಕೊಳ್ಳುತ್ತಿದ್ದಳು.