ಕಾಕೂ ಕೇಳುತ್ತಿದ್ದ ‘ಮುಂದ?’

ಇಂಡಿ ಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಕಾಕೂ, ಅಂದರೆ ಚಿಕ್ಕಮ್ಮ, ನಿಂಬೆಹಣ್ಣು ಆರಿಸುವಾಗ ಹಣ್ಣಿನ ಕಡೆ ನೋಡುತ್ತಲೇ ಇರಲಿಲ್ಲ. ಸಣ್ಣದು, ದೊಡ್ಡದು, ಕೊಳೆತದ್ದು, ಎಲ್ಲವನ್ನೂ ಬೆರಳುಗಳೇ ಬೇರೆ ಮಾಡುತ್ತಿದ್ದವು. ಕಣ್ಣು ನನ್ನ ಮುಖದ ಮೇಲೆ. ನಾನು ಬರೆದ ಮಾಯಾಲೋಕದ ಕಾದಂಬರಿಯನ್ನು ಓದಿ ಹೇಳುತ್ತಿದ್ದರೆ, ಉಸಿರೆಳೆದುಕೊಳ್ಳಲೂ ಬಿಡದೆ “ಮುಂದ?” ಎನ್ನುತ್ತಿದ್ದರು.

ಎರಡನೆಯ ಭಾಗದಲ್ಲಿ ನನ್ನ ನಾಯಕನಿಗೆ ಯಾವ ಕತ್ತಿಯೂ ತಾಗುತ್ತಿರಲಿಲ್ಲ. ಅವನು ಬಂದರೆ ರಾಜರೆಲ್ಲ ಎದ್ದು ನಿಲ್ಲುತ್ತಿದ್ದರು. ಹತ್ತು ಪುಟ ಓದಿದರೂ ಕಾಕೂ “ಮುಂದ?” ಎನ್ನಲಿಲ್ಲ.

“ಯಾಕ್ರಿ ಕಾಕೂ?”

“ಇವಂಗೇನೂ ಆಗಂಗಿಲ್ಲ ಬಿಡೋ ತಮ್ಮಾ. ನಿನಗ ಹಿಂಗ ಆಗಬೇಕಂತ ಆಸೆ ಐತಿ, ಅದನ್ನ ಬರದಿ.”

ನನ್ನನ್ನೂ ಅವರು ನಿಂಬೆಹಣ್ಣಿನಂತೆಯೇ ಆರಿಸಿ ಬದಿಗಿಟ್ಟಿದ್ದರು!

ಮರುವಾರ ಹೊಸದಾಗಿ ಬರೆದು ಒಯ್ದೆ. ನಾಯಕ ಕಂದಕ ಹಾರಿದ. ಆಚೆ ದಡ ಕೈಗೆ ಸಿಗಲಿಲ್ಲ.

ಕಾಕೂನ ಬೆರಳುಗಳು ಮೊದಲ ಸಲ ನಿಂತವು.

“ಮುಂದ?”